ಒಂದೇ ಡಬ್ಬಕ್ಕೆ ಎರಡು ಚೀಟಿ: 'ಸೆಕ್ಷನ್ ಟೈಪ್ ಕಾನ್‌ಫ್ಲಿಕ್ಟ್' ಬಂದರೆ ಏನು ಮಾಡುವುದು?



ನಮ್ಮ ಸಂಘದಲ್ಲಿ ಸಾಫ್ಟ್‌ವೇರ್ ಮಂದಿಗೇನೂ ಬರವಿಲ್ಲ. ಸಿ ಕಲಿಯುತ್ತಿರುವ ಮಕ್ಕಳೂ ಇದ್ದಾರೆ. "ಕೋಡ್ ಸರಿಯಾಗೇ ಇದೆ ಅಂಕಲ್, ಆದ್ರೂ ಜಿಸಿಸಿ 'ಸೆಕ್ಷನ್ ಟೈಪ್ ಕಾನ್‌ಫ್ಲಿಕ್ಟ್' ಅನ್ನುತ್ತೆ" ಎಂದು ಕೇಳುವವರಿಗಾಗಿ ಈ ಪುಟ್ಟ ಬರಹ.

ಕಂಪೈಲರ್ ನಮ್ಮ ಪ್ರೋಗ್ರಾಮನ್ನು ಡಬ್ಬಗಳಲ್ಲಿ ತುಂಬಿಡುತ್ತದೆ. ಇವೇ ಸೆಕ್ಷನ್‌ಗಳು. ಫಂಕ್ಷನ್‌ಗಳಿಗೆ ಒಂದು, ಬದಲಾಗುವ ವೇರಿಯಬಲ್‌ಗಳಿಗೆ ಒಂದು, ಬದಲಾಗದ ಕಾನ್ಸ್ಟ್‌ಗಳಿಗೆ ಮತ್ತೊಂದು. ಪ್ರತಿ ಡಬ್ಬದ ಮೇಲೂ ಚೀಟಿ ಇರುತ್ತದೆ: ಇಲ್ಲಿ ಬರೆಯಬಹುದೇ, ಬರೀ ಓದಬೇಕೇ, ಕೋಡ್ ಆಗಿ ಓಡಿಸಬಹುದೇ ಎಂದು.

ಸೆಕ್ಷನ್ ಆಟ್ರಿಬ್ಯೂಟ್ ಬಳಸಿ ನಾವೇ ಡಬ್ಬಕ್ಕೆ ಹೆಸರಿಟ್ಟಾಗ, ಮೊದಲು ಬಂದ ಪದಾರ್ಥ ನೋಡಿ ಜಿಸಿಸಿ ಚೀಟಿ ಅಂಟಿಸುತ್ತದೆ. ಅದೇ ಹೆಸರಿನಲ್ಲಿ ಮೊದಲು ಕಾನ್ಸ್ಟ್, ಆಮೇಲೆ ಬದಲಾಗುವ ವೇರಿಯಬಲ್ ಬಂತೋ, ಜಗಳ ಶುರು!

ನಾನು ಹುಡುಕುವ ಕ್ರಮ ಹೀಗೆ:

1. ಹೊಸ ಜಿಸಿಸಿ ಜಗಳವಾಡುವ ಎರಡೂ ಹೆಸರುಗಳನ್ನು ಹೇಳುತ್ತದೆ. ಎರಡರ ಡಿಕ್ಲರೇಶನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

2. ಪಾಯಿಂಟರ್ ಇದ್ದರೆ ಎಚ್ಚರ. 'ಕಾನ್ಸ್ಟ್ ಚಾರ್' ಆದಮೇಲೆ ಸ್ಟಾರ್ ಗುರುತು ಹಾಕಿದರೆ ಅಕ್ಷರಗಳು ಮಾತ್ರ ಕಾನ್ಸ್ಟ್, ಪಾಯಿಂಟರ್ ಅಲ್ಲ. ಸ್ಟಾರ್‌ನ ಬಲಗಡೆಯೂ ಕಾನ್ಸ್ಟ್ ಬೇಕು. ಎಷ್ಟೋ ಸಲ ಪರಿಹಾರ ಇಷ್ಟೇ.

3. ಎರಡೂ ನಿಜವಾಗಿ ಬೇರೆ ಬೇರೆ ಜಾತಿಯವಾದರೆ ಎರಡು ಸೆಕ್ಷನ್ ಹೆಸರು ಕೊಡಿ. ಲಿನಕ್ಸ್ ಕರ್ನಲ್‌ನಲ್ಲಿ ಇನಿಟ್‌ಡೇಟಾ, ಇನಿಟ್‌ಕಾನ್ಸ್ಟ್ ಎಂಬ ಎರಡು ಗುರುತುಗಳು ಇರುವುದು ಇದಕ್ಕೇ. ಲಿಂಕರ್ ಸ್ಕ್ರಿಪ್ಟ್ ಇದ್ದರೆ ಹೊಸ ಹೆಸರನ್ನು ಅಲ್ಲಿಯೂ ಸೇರಿಸಲು ಮರೆಯಬೇಡಿ.

ಎರರ್ ಹೋಗಲಿ ಎಂದು ಕಾನ್ಸ್ಟ್ ಪದವನ್ನೇ ಅಳಿಸುವವರಿದ್ದಾರೆ, ಅಥವಾ ಒಂದನ್ನು ಬೇರೆ ಫೈಲಿಗೆ ಸಾಗಿಸುವವರು. ದಯವಿಟ್ಟು ಬೇಡ! ಕಂಪೈಲರ್ ಒಂದು ಸಲಕ್ಕೆ ಒಂದೇ ಫೈಲ್ ನೋಡುತ್ತದೆ, ಹಾಗಾಗಿ ಸುಮ್ಮನಾಗುತ್ತದೆ. ಆದರೆ ಗ್ನೂ ಲಿಂಕರ್ ಒಂದೇ ಹೆಸರಿನ ಡಬ್ಬಗಳನ್ನು ಕೂಡಿಸುವಾಗ ಎರಡೂ ಚೀಟಿಗಳನ್ನು ಸೇರಿಸಿಬಿಡುತ್ತದೆ. ಆಗ ಇಡೀ ಡಬ್ಬ 'ಬರೆಯಬಹುದು' ಎಂದಾಗುತ್ತದೆ. ನೀವು ಕಾಪಾಡಬೇಕೆಂದಿದ್ದ ಕಾನ್ಸ್ಟ್ ಟೇಬಲ್ ಮೇಲೆ ದಾರಿತಪ್ಪಿದ ಪಾಯಿಂಟರ್ ಒಂದು ಬರೆದರೂ ತಡೆಯುವವರಿಲ್ಲ. ಪ್ರೋಗ್ರಾಮ್ ಅಲ್ಲೇ ಬಿದ್ದುಹೋದರೆ ತಪ್ಪು ಸಿಗುತ್ತದೆ. ಬೀಳದೆ ತಪ್ಪು ಲೆಕ್ಕ ಕೊಡುತ್ತಿದ್ದರೆ ಹುಡುಕಲು ವಾರಗಳೇ ಬೇಕು.

ಕೊನೆಗೆ 'ಆಬ್ಜ್‌ಡಂಪ್' ಆಜ್ಞೆಯನ್ನು ಮೈನಸ್ ಎಚ್ ಜೊತೆ ಓಡಿಸಿ, ನಿಮ್ಮ ಕಾನ್ಸ್ಟ್ ಸೆಕ್ಷನ್ ಎದುರು 'ರೀಡ್‌ಓನ್ಲಿ' ಇದೆಯೇ ನೋಡಿಕೊಳ್ಳಿ. ಇದ್ದರೆ ನೆಮ್ಮದಿಯಾಗಿ ಕಾಫಿ ಕುಡಿಯಬಹುದು.