ಪಕ್ಕದ ಪದ ಅಡ್ಡ ಬಂದಾಗ

ಲಕ್ವ ಹೊಡೆದು ಮಾತು ಕಳೆದುಕೊಂಡವರನ್ನು ಮತ್ತೆ ಮಾತಿಗೆ ಹಚ್ಚುವುದು ನನ್ನ ಕೆಲಸ. ಚಿತ್ರ ಮುಂದಿಟ್ಟು ‘ಇದೇನು?’ ಅಂತ ಕೇಳುತ್ತೇನೆ. ಹೊಲದಲ್ಲೇ ಆಯುಷ್ಯ ಸವೆಸಿದ ಹಿರಿಯರೊಬ್ಬರು ಕುಡುಗೋಲು ನೋಡಿ ‘ಗುದ್ದಲಿ’ ಅಂದರು. ಅದಲ್ಲ ಅಂತ ಅವರಿಗೇ ಗೊತ್ತು, ತಲೆ ಅಲ್ಲಾಡಿಸಿದರು. ಪಕ್ಕದಲ್ಲಿದ್ದ ಮಗ ಸಹಾಯಕ್ಕೆ ಬಂದ: ‘ಮಚ್ಚಾ ಅಪ್ಪ? ಪಿಕಾಸಿನಾ? ಸನಿಕೆನಾ?’ ಅಪ್ಪನ ಬಾಯಿ ಪೂರ್ತಿ ಕಟ್ಟಿಹೋಯಿತು.

ಮಗನ ಅಕ್ಕರೆಗೆ ಕೊರತೆಯಿರಲಿಲ್ಲ. ಆದರೆ ಕುಡುಗೋಲನ್ನು ನೆನೆದ ಕೂಡಲೇ ಮಿದುಳಿನಲ್ಲಿ ಆ ಒಂದೇ ಪದ ಏಳುವುದಿಲ್ಲ, ಅದರ ಬಳಗದ ಮಚ್ಚು, ಗುದ್ದಲಿ, ಪಿಕಾಸಿ ಎಲ್ಲ ಏಳುತ್ತವೆ. ಅವುಗಳಲ್ಲಿ ಒಂದನ್ನು ಆರಿಸಬೇಕು. ಆರೋಗ್ಯವಂತರಲ್ಲಿ ಇದೆಲ್ಲ ಸುಮಾರು ಅರ್ಧ ಸೆಕೆಂಡಿನಲ್ಲಿ ಮುಗಿಯುವುದರಿಂದ ಗಮನಕ್ಕೇ ಬರುವುದಿಲ್ಲ.

ನೆದರ್‌ಲೆಂಡ್ಸಿನ ನೈಮೇಗನ್ನಿನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಷ್ರೀಫರ್ಸ್, ಮೇಯರ್, ಲೆವೆಲ್ಟ್ ಇದನ್ನು ಅಳೆದು 1990ರಲ್ಲಿ ಪ್ರಕಟಿಸಿದರು. ಚಿತ್ರ ಕಾಣುವ ಕೊಂಚ ಮೊದಲು ಅದೇ ಬಳಗದ ಬೇರೆ ಪದ ಕಿವಿಗೆ ಬಿದ್ದರೆ ಹೆಸರು ಹೇಳುವುದು ತಡವಾಯಿತು. ಚಿತ್ರದ ಜೊತೆಗೋ ತುಸು ಆಮೇಲೋ ಅದೇ ಸದ್ದಿನ ಪದ ಬಿದ್ದರೆ ಬೇಗವಾಯಿತು. 2006ರಲ್ಲಿ ಹೊವಾರ್ಡ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದರು: ಒಂದೇ ಬಳಗದ ಚಿತ್ರಗಳು ಒಂದಾದ ಮೇಲೊಂದು ಬರುತ್ತಿದ್ದರೆ ಪ್ರತಿಯೊಂದಕ್ಕೂ ಹಿಂದಿನದಕ್ಕಿಂತ ಸುಮಾರು 30 ಮಿಲಿಸೆಕೆಂಡ್ ಹೆಚ್ಚು ಬೇಕು, ನಡುವೆ ಬೇರೆ ಚಿತ್ರಗಳು ಬಂದರೂ ಸರಿಯೆ. ಪದಗಳು ನೇರವಾಗಿ ಪೈಪೋಟಿಗಿಳಿಯುತ್ತವೆಯೋ, ಈಗಷ್ಟೇ ಆಡಿದ ಪದ ತನ್ನ ನೆರೆಯವನ್ನು ಸಡಿಲಗೊಳಿಸುತ್ತದೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಮುಂದೆ ಕೂತವರಿಗಂತೂ ಎರಡೂ ಒಂದೇ ಕಷ್ಟ. ಮಿದುಳಿನ ಎಡ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಈ ಅಡಚಣೆ ಇನ್ನೂ ಜೋರು.

ಹಾಗಂತ ಅರ್ಥದ ನಂಟೆಲ್ಲ ಅಡ್ಡಿಯಲ್ಲ. ಒಂದೇ ಬಳಗದ ಹೆಸರುಗಳು ತಡೆಯುತ್ತವೆ. ವಸ್ತುವಿನ ಕೆಲಸ, ಜಾಗ, ಆಕಾರ ದಾರಿ ತೋರಬಲ್ಲವು. ಚಿಕಿತ್ಸೆಯಲ್ಲಿ ನಾವು ಹಿಡಿಯುವುದು ಈ ದಾರಿಯನ್ನೇ. ‘ಇದರಲ್ಲಿ ಏನು ಕೊಯ್ತೀರಿ ಯಜಮಾನ್ರೇ? ಮನೇಲಿ ಎಲ್ಲಿ ಸಿಕ್ಕಿಸಿಡ್ತೀರಿ?’ ಅಂತ ಕೇಳಿದೆ. ‘ಹುಲ್ಲು... ಸೂರು...’ ಅಂದರು. ಸ್ವಲ್ಪ ಕಾದು ‘ಕು...’ ಅಂದೆ. ‘ಕುಡ್ಲು!’ ಅಂದರು.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ದಯವಿಟ್ಟು ಹೆಸರುಗಳ ಪಟ್ಟಿ ಒಪ್ಪಿಸಬೇಡಿ. ಸುಮ್ಮನೆ ಕಾಯಿರಿ. ಬಾರದಿದ್ದರೆ ಅದರಿಂದ ಏನು ಮಾಡುತ್ತೇವೆಂದು ಕೇಳಿ, ಆಮೇಲೆ ಮೊದಲ ಅಕ್ಷರ ಕೊಡಿ. ಪರೀಕ್ಷೆಗೆ, ಚಿಕಿತ್ಸೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.