ಕೆಚ್ಚಲು ಬಾವಿಗೆ ಲಸಿಕೆ: ಏಕಿಷ್ಟು ಕಷ್ಟ?

'ವ್ಯಾಕ್ಸೀನ್' ಎಂಬ ಪದದ ಮೂಲ ಲ್ಯಾಟಿನ್ನಿನ 'ವಾಕ್ಕ', ಅಂದರೆ ಹಸು. 1796ರಲ್ಲಿ ಎಡ್ವರ್ಡ್ ಜೆನ್ನರ್ ಸಿಡುಬಿನ ವಿರುದ್ಧ ಬಳಸಿದ್ದು, ಹಾಲು ಕರೆಯುವವಳ ಕೈಗೆ ಹಸುವಿನಿಂದ ತಗುಲಿದ್ದ ಗೋಸಿಡುಬಿನ ಗುಳ್ಳೆಯ ದ್ರವವನ್ನು. ನಮಗೆ ಲಸಿಕೆ ದೊರಕಿಸಿದ ಹಸುವಿನ ಕೆಚ್ಚಲಿಗೆ ಮಾತ್ರ ಪೂರ್ಣ ರಕ್ಷಣೆ ಕೊಡುವ ಲಸಿಕೆ ಇನ್ನೂ ಬಂದಿಲ್ಲ!

ತಾಳಿಕೋಟೆಯ ಸುತ್ತಲಿನಂಥ ಒಣಬೇಸಾಯದ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಮನೆಯ ಖರ್ಚಿಗೆ ಒಂದೆರಡು ಆಕಳು, ಎಮ್ಮೆಗಳ ಹಾಲೇ ಆಧಾರ. ಕೆಚ್ಚಲಿನ ನಾಲ್ಕು ಭಾಗಗಳಲ್ಲಿ ಒಂದು ಬಾವಿನಿಂದ ಗಟ್ಟಿಯಾದರೆ ಅದು ಮತ್ತೆ ಮೊದಲಿನಂತೆ ಹಾಲು ಕೊಡುವುದು ಕಷ್ಟ. ಜೀವನಿರೋಧಕ ಔಷಧ ಕೊಟ್ಟ ಮೇಲೆ ಕೆಲವು ದಿನ ಹಾಲನ್ನು ಮಾರುವಂತಿಲ್ಲ.

ತೊಡಕು ಎಲ್ಲಿದೆ?

ಕಾಲುಬಾಯಿ ಜ್ವರಕ್ಕೆ ಕಾರಣ ಒಂದೇ ಜಾತಿಯ ವೈರಸ್. ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿ ಅದನ್ನು ತಡೆಯಬಹುದು. ಆದರೆ ಕೆಚ್ಚಲು ಬಾವಿಗೆ ನೂರಕ್ಕೂ ಹೆಚ್ಚು ಬಗೆಯ ಸೂಕ್ಷ್ಮಜೀವಿಗಳು ಕಾರಣವಾಗಬಲ್ಲವು. ಎರಡನೆಯದಾಗಿ, ರಕ್ತದಲ್ಲಿರುವ ಪ್ರತಿಕಾಯಗಳು ಆರೋಗ್ಯವಂತ ಕೆಚ್ಚಲಿನ ಹಾಲಿಗೆ ಬರುವುದು ಅತ್ಯಲ್ಪ. ಅಲ್ಲಿಗೆ ಬಂದ ಬಿಳಿ ರಕ್ತಕಣಗಳು ಕೊಬ್ಬಿನ ಹನಿಗಳನ್ನೂ ಕೇಸೀನ್ ಕಣಗಳನ್ನೂ ನುಂಗಿ ಬಲಗುಂದುತ್ತವೆ. ಮೂರನೆಯದಾಗಿ, ಸ್ಟಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯ ಲೋಳೆಯ ಪದರ ಕಟ್ಟಿಕೊಂಡು, ಜೀವಕೋಶಗಳೊಳಗೂ ಅಡಗಿ ಉಳಿಯುತ್ತದೆ.

ಲಭ್ಯ ಲಸಿಕೆಗಳು

ಇ. ಕೋಲೈ ಬ್ಯಾಕ್ಟೀರಿಯದ 'ಜೆ5' ತಳಿಯ ಹೊರಪೊರೆಯಲ್ಲಿ ಉದ್ದನೆಯ ಸಕ್ಕರೆ ಸರಪಳಿಗಳಿಲ್ಲ. ಆದ್ದರಿಂದ ಹಲವು ಬ್ಯಾಕ್ಟೀರಿಯಗಳಿಗೆ ಸಮಾನವಾದ ಒಳಭಾಗ ತೆರೆದುಕೊಂಡಿರುತ್ತದೆ. ಅದನ್ನು ಗುರುತಿಸಲು ಕಲಿತ ದೇಹ ಅಂಥ ಹಲವು ರೋಗಾಣುಗಳನ್ನು ಎದುರಿಸಬಲ್ಲದು. 2009ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಒಂದು ಲಸಿಕೆಯಲ್ಲಿ ನಿಷ್ಕ್ರಿಯಗೊಳಿಸಿದ ಜೆ5 ಮತ್ತು ಸ್ಟಫೈಲೊಕಾಕಸ್ ಆರಿಯಸ್ ಎರಡೂ ಇವೆ. ಕರು ಹಾಕುವ 45 ದಿನ ಮೊದಲು, 10 ದಿನ ಮೊದಲು ಮತ್ತು ಕರು ಹಾಕಿದ 52 ದಿನಗಳ ನಂತರ, ಹೀಗೆ ಮೂರು ಚುಚ್ಚುಮದ್ದು. ಜೆ5 ಲಸಿಕೆಯ ಮುಖ್ಯ ಲಾಭ ರೋಗದ ತೀವ್ರತೆ ತಗ್ಗುವುದು. ರೋಗವೇ ಬಾರದೆಂಬ ಖಾತರಿ ಇಲ್ಲ.

ತರಗತಿಯಲ್ಲೊಂದು ಪರೀಕ್ಷೆ

ಹಾಲು ಕಣ್ಣಿಗೆ ಚೆನ್ನಾಗಿಯೇ ಕಾಣುವಾಗಲೂ ಸೋಂಕು ಇರಬಹುದು. ಆಗ ಸೋಡಿಯಂ, ಕ್ಲೋರೈಡ್ ಅಯಾನುಗಳು ರಕ್ತದಿಂದ ಹಾಲಿಗೆ ಸೋರಿ ಅದರ ವಿದ್ಯುದ್ವಾಹಕತೆ ಏರುತ್ತದೆ. ಉಷ್ಣತೆಯೊಂದಿಗೂ ಅದು ಏರುವುದರಿಂದ, ನಾಲ್ಕೂ ಮೊಲೆಗಳ ಹಾಲನ್ನು ಒಂದೇ ಉಷ್ಣತೆಯಲ್ಲಿ ಹೋಲಿಸಬೇಕು. ಇನ್ನೂ ಸುಲಭ ವಿಧಾನವಿದೆ: ಪ್ರತಿ ಮೊಲೆಯ ತಾಜಾ ಹಾಲಿಗೆ ಅಷ್ಟೇ ಪ್ರಮಾಣದ, ನೂರಕ್ಕೆ ಮೂರರಷ್ಟು ಬಟ್ಟೆಪುಡಿಯ ದ್ರಾವಣ ಬೆರೆಸಿ ಅಲುಗಾಡಿಸಿ. ಬಿಳಿ ರಕ್ತಕಣಗಳು ಹೆಚ್ಚಿದ್ದರೆ ಅವು ಒಡೆದು ಡಿಎನ್‌ಎ ಹೊರಬಂದು ಮಿಶ್ರಣ ಲೋಳೆಯಾಗುತ್ತದೆ. ಹಾಗಾದರೆ ಪಶುವೈದ್ಯರಿಗೆ ತಿಳಿಸಿ. ಪರೀಕ್ಷಿಸಿದ ಹಾಲನ್ನು ಚೆಲ್ಲಿಬಿಡಿ.

ಕರೆದ ನಂತರ ಮೊಲೆಯ ತೂತು ಅರ್ಧ ಗಂಟೆಗೂ ಹೆಚ್ಚು ಕಾಲ ಪೂರ್ತಿ ಮುಚ್ಚಿರುವುದಿಲ್ಲ. ಆಗ ಆಕಳು ಸಗಣಿಯ ಮೇಲೆ ಮಲಗದಂತೆ ಮುಂದೆ ಒಂದು ಹಿಡಿ ಮೇವು ಹಾಕಿ ನಿಲ್ಲಿಸಿ. ಲಸಿಕೆ ಹಾಕಿಸಿದ ಆಕಳಿಗೂ ಈ ಎಚ್ಚರ ತಪ್ಪಿದ್ದಲ್ಲ.