ತಾರಸಿಯ ಬಿಸಿಲಿಗೆ ಓಡುವ ಕಾರು

ಮನೆ ಮೇಲೆ ಸೋಲಾರ್, ಮನೆ ಮುಂದೆ ಎಲೆಕ್ಟ್ರಿಕ್ ಕಾರು. ಎರಡೂ ಇದ್ದ ಮಾತ್ರಕ್ಕೆ ಕಾರು ಬಿಸಿಲಿನಿಂದಲೇ ಓಡುತ್ತದೆಯೆ? ಅದು ನಾವು ಪ್ಲಗ್ ಹಾಕುವ ಹೊತ್ತಿನ ಮೇಲೆ ನಿಂತಿದೆ.

‘ರೇವಾ’ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲಿ ರಸ್ತೆಗಿಳಿದದ್ದು ಬೆಂಗಳೂರಿನಲ್ಲಿ. ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಪಾವಗಡದ ಬಯಲಿನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಕಾರಿಗೂ ಬಿಸಿಲಿಗೂ ನಾವು ಹೊಸಬರಲ್ಲ. ಎರಡನ್ನೂ ಒಂದೇ ಮನೆಯಲ್ಲಿ ಕೂಡಿಸುವುದಷ್ಟೇ ಈಗಿನ ಕೆಲಸ.

ಮೊದಲು ಲೆಕ್ಕ

ದಿನಕ್ಕೆ 40 ಕಿ.ಮೀ. ಓಡುವ ಕಾರನ್ನು ತೆಗೆದುಕೊಳ್ಳೋಣ. ಸಾಧಾರಣ ಗಾತ್ರದ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಸುಮಾರು 7 ಕಿ.ಮೀ. ಹೋಗುತ್ತದೆ. ಚಾರ್ಜಿಂಗ್‌ನಲ್ಲಿ ಸೋರುವುದನ್ನೂ ಸೇರಿಸಿದರೆ ದಿನಕ್ಕೆ ಆರೂವರೆ ಯೂನಿಟ್ ಬೇಕು. ನಮ್ಮ ರಾಜ್ಯದಲ್ಲಿ 1 ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ 540 ವಾಟ್‌ನ ಮೂರೇ ಪ್ಯಾನೆಲ್ ಕಾರಿನ ವರ್ಷದ ಓಟಕ್ಕೆ ಸಾಕು! ತಿಂಗಳಿಗೆ 150 ಯೂನಿಟ್ ಬಳಸುವ ಮನೆಯನ್ನೂ ಸೇರಿಸಿದರೆ ಒಟ್ಟು 3 ಕಿಲೋವಾಟ್. ನೀರಿನ ಟ್ಯಾಂಕಿನ ನೆರಳು ಬೀಳದ ಮುನ್ನೂರು ಚದರಡಿ ತಾರಸಿಯಲ್ಲಿ ಇದು ಕೂರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಉತ್ಪಾದನೆ ಚೆನ್ನಾಗಿಯೇ ಕುಸಿಯುವುದರಿಂದ ಅಲ್ಲಿ ಒಂದೆರಡು ಪ್ಯಾನೆಲ್ ಹೆಚ್ಚಿಗೆ ಹಾಕಿಸುವುದು ಒಳಿತು.

ಹಗಲಿನ ಕರೆಂಟ್, ರಾತ್ರಿಯ ಕಾರು

ತೊಡಕು ಇರುವುದು ಹೊತ್ತಿನಲ್ಲಿ. ಬಿಸಿಲು ಏರಿದಾಗ ಕಾರು ಆಫೀಸಿನಲ್ಲಿರುತ್ತದೆ. ಕಾರು ಮನೆಗೆ ಬರುವಾಗ ಸೂರ್ಯ ಮುಳುಗಿರುತ್ತಾನೆ. ನೆಟ್ ಮೀಟರ್ ಇದ್ದರೆ ಹಗಲು ಎಸ್ಕಾಂಗೆ ಕೊಟ್ಟ ಯೂನಿಟ್‌ಗಳು ರಾತ್ರಿ ಪಡೆದ ಯೂನಿಟ್‌ಗಳಿಗೆ ವಜಾ ಆಗುತ್ತವೆ. ಬಿಲ್ ಸರಿಹೋಯಿತು, ನಿಜ. ಆದರೆ ರಾತ್ರಿ ಬ್ಯಾಟರಿಗೆ ಇಳಿಯುವ ಕರೆಂಟಿನಲ್ಲಿ ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರಗಳ ಕಲ್ಲಿದ್ದಲ ಪಾಲು ದೊಡ್ಡದು. ದೇಶದ ಗ್ರಿಡ್‌ನ ಒಂದು ಯೂನಿಟ್ ಹಿಂದೆ ಸರಾಸರಿ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇದೆ. ಆದ್ದರಿಂದ ಕಾರು ಹಗಲು ಮನೆಯಲ್ಲಿರುವ ಪ್ರತಿಯೊಂದು ಅವಕಾಶವೂ ಅಮೂಲ್ಯ.

ಮನೆಯಿಂದಲೇ ಕೆಲಸ ಮಾಡುವವರಿಗೆ, ನಿವೃತ್ತರಿಗೆ, ಮನೆ ಪಕ್ಕದಲ್ಲೇ ಅಂಗಡಿ ನಡೆಸುವವರಿಗೆ ಹಗಲು ಚಾರ್ಜ್ ಮಾಡುವುದು ಸಲೀಸು. ವಾರವಿಡೀ ಆಫೀಸಿಗೆ ಹೋಗುವವರು ಭಾನುವಾರವನ್ನು ಬಳಸಿಕೊಳ್ಳಬಹುದು. 30 ಕಿಲೋವಾಟ್-ಅವರ್ (ಅಂದರೆ 30 ಯೂನಿಟ್) ಬ್ಯಾಟರಿ ಕಾರನ್ನು ನಾಲ್ಕೈದು ದಿನ ಆರಾಮವಾಗಿ ಓಡಿಸುತ್ತದೆ. ನಿತ್ಯ ಪ್ಲಗ್ ಹಾಕಲೇಬೇಕೆಂದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಚಾರ್ಜರ್ 3.3 ಕಿಲೋವಾಟ್ ಎಳೆಯುತ್ತದೆ. 3 ಕಿಲೋವಾಟ್ ಪ್ಯಾನೆಲ್ ಮಧ್ಯಾಹ್ನವೂ ಅಷ್ಟು ಕೊಡಲಾರದು. ಕೊರತೆ ಗ್ರಿಡ್‌ನಿಂದ ತುಂಬಿಕೊಳ್ಳುತ್ತದೆ. ಆಂಪಿಯರ್ ತಗ್ಗಿಸಲು ಬರುವ ಚಾರ್ಜರ್ ಕೊಳ್ಳಿ. 8 ಆಂಪಿಯರ್‌ಗೆ ಇಳಿಸಿದರೆ ಸುಮಾರು 1.8 ಕಿಲೋವಾಟ್, ಬೆಳಗ್ಗೆ 11ರಿಂದ ಮಧ್ಯಾಹ್ನ ಎರಡೂವರೆಯೊಳಗೆ ದಿನದ ಆರೂವರೆ ಯೂನಿಟ್ ಬಹುಪಾಲು ಬಿಸಿಲಿನಿಂದಲೇ ತುಂಬುತ್ತದೆ.

ಪ್ಲಗ್ ಹಾಕುವ ಮುನ್ನ

ಕಾರಿಗೆ ಮೀಟರ್ ಬೋರ್ಡ್‌ನಿಂದಲೇ ಪ್ರತ್ಯೇಕ ಲೈನ್ ಎಳೆಸಿ. ಒಳ್ಳೆಯ ಅರ್ಥಿಂಗ್, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಕಡ್ಡಾಯವಾಗಿ ಇರಲಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಗಂಟೆಗಟ್ಟಲೆ ಎಳೆಯುವ ಕರೆಂಟಿಗೆ ಅದು ಕಾದು ಕರಗುತ್ತದೆ. ಮಂಜೂರಾದ ಲೋಡ್ ಸಾಲದಿದ್ದರೆ ಹೆಚ್ಚಿಸಿಕೊಳ್ಳಿ. ಬ್ಯಾಟರಿಯಿಲ್ಲದ ಸೋಲಾರ್ ಇನ್ವರ್ಟರ್, ಕರೆಂಟ್ ಹೋದಾಗ ಬಿಸಿಲಿದ್ದರೂ ನಿಂತುಬಿಡುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್ ಜೀವ ಕಾಯಲು ಹಾಗೆ ರೂಪಿಸಲಾಗಿದೆ.

ಖರ್ಚಿನ ಮಾತು

3 ಕಿಲೋವಾಟ್‌ಗೆ ಸುಮಾರು ಒಂದೂವರೆಯಿಂದ ಎರಡು ಲಕ್ಷ ರೂಪಾಯಿ ತಗಲುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಈ ಅಳತೆಗೆ 78,000 ರೂಪಾಯಿ ಸಹಾಯಧನವಿದೆ. ಪ್ಯಾನೆಲ್ ದೇಶದಲ್ಲೇ ತಯಾರಾದದ್ದಾಗಿರಬೇಕು. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ ಪಡೆಯುವವರು ಒಂದು ಮಾತು ನೆನಪಿಡಬೇಕು: ಕಾರೊಂದೇ ತಿಂಗಳಿಗೆ 195 ಯೂನಿಟ್ ಬಳಸುತ್ತದೆ, ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗೆಂದು ಅಗತ್ಯ ಮೀರಿ ಪ್ಯಾನೆಲ್ ಹಾಕಿಸಿಯೂ ಲಾಭವಿಲ್ಲ. ಮಿಕ್ಕ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ.

ಸ್ವಂತ ತಾರಸಿ ಇಲ್ಲದವರಿಗೂ ದಾರಿಯಿದೆ. ಅಪಾರ್ಟ್‌ಮೆಂಟ್ ಸಂಘಗಳು ಕಾರು ಚಾರ್ಜಿಂಗ್ ಸೇರಿದಂತೆ ಸಾಮೂಹಿಕ ಬಳಕೆಗೆ ಸೋಲಾರ್ ಹಾಕಿಸಿದರೆ ಅದೇ ಯೋಜನೆಯಲ್ಲಿ ಕಿಲೋವಾಟ್‌ಗೆ 18,000 ರೂಪಾಯಿ ಸಿಗುತ್ತದೆ. ಇನ್ನು ಹಗಲೆಲ್ಲ ಕಾರು ನಿಲ್ಲುವುದು ಕಚೇರಿ, ಕಾಲೇಜು, ಕಾರ್ಖಾನೆಗಳ ಅಂಗಳದಲ್ಲಿ. ಅಲ್ಲಿ ದುಬಾರಿ ವೇಗದ ಚಾರ್ಜರ್ ಬೇಕಿಲ್ಲ. ಎಂಟು ಗಂಟೆ ನಿಲ್ಲುವ ಕಾರಿಗೆ ಮಾಮೂಲಿ 16 ಆಂಪಿಯರ್ ಸಾಕೆಟ್ ಧಾರಾಳವಾಯಿತು. ಪಾರ್ಕಿಂಗ್ ಮೇಲೆ ಸೋಲಾರ್ ಚಾವಣಿ, ಕೆಳಗೆ ಸಾಲು ಸಾಕೆಟ್ ಕೊಡಿ ಎಂದು ನೌಕರರು ಆಡಳಿತ ಮಂಡಳಿಗಳನ್ನು ಕೇಳಲಿ. ಮನೆಯ ತಾರಸಿ ಮುಗಿಸಲಾಗದ ಕೆಲಸವನ್ನು ಅದು ಪೂರೈಸುತ್ತದೆ.